ಚೀಲದ ಮೇಲಿನ ಹೆಸರು

ಹೊಸ ಅಂಗಡಿ ತೆರೆದು ವಾರವಾಗಿದ್ದರೂ ಸೊಪ್ಪಿನಕ್ಕನ ಮುಂದಿದ್ದ ಪಾಲಕ್ ಕಟ್ಟುಗಳು ಕೊಳ್ಳುವವರಿಲ್ಲದೆ ಬಾಡುತ್ತಿದ್ದವು. ಜೀವಮಾನವೆಲ್ಲ ತರಕಾರಿ ಮಾರಿ ಬದುಕಿದ ವಿಧವೆ ಆಕೆ. ಗಿರಣಿ ಕಾರ್ಮಿಕರ ಸಾಲುಮನೆಗಳಿಗೆ ಒಳ್ಳೆಯ ತರಕಾರಿ ಸಿಗಲೆಂದು ಸೇವಾ ಸಂಘದವರು ಅಂಗಡಿ ಇಟ್ಟಾಗ ಆಕೆಯನ್ನೇ ಕರೆದು ಕೂರಿಸಿದ್ದರು. ತೋಟದಿಂದ ಬೆಳಗ್ಗೆಯೇ ಬಂದ ಮಾಲು, ಪೇಟೆಯ ಅರ್ಧ ಬೆಲೆ. ಆದರೂ ಜನ ಅತ್ತ ಸುಳಿಯುತ್ತಿರಲಿಲ್ಲ.

ಒಡಹುಟ್ಟಿದ ತಂಗಿಯೂ ಸುಳಿಯುತ್ತಿರಲಿಲ್ಲ. ತಂಗಿಯ ಮಗಳು ಬಸುರಿ. ಮೈಯಲ್ಲಿ ರಕ್ತವಿಲ್ಲ, ಸೊಪ್ಪು ಹಣ್ಣು ತಿನ್ನಿಸಿ ಎಂದು ನರ್ಸಮ್ಮ ಗದರಿ ಹೋಗಿದ್ದಳು. ತಂಗಿ ಮಾತ್ರ ಮೂಲೆಯಂಗಡಿಯಲ್ಲಿ ಹೆಚ್ಚು ಬೆಲೆ ತೆತ್ತು ಹಳದಿ ತಿರುಗಿದ ಸೊಪ್ಪನ್ನೇ ಒಯ್ಯುತ್ತಿದ್ದಳು. ಸಂಜೆ ಅಕ್ಕ ಅವಳ ಮನೆಗೇ ಹೋಗಿ ಜಾಡಿಸಿದಳು.

“ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ನನ್ನ ಕೈಯಿಂದ ತಗೊಳ್ಳೋಕೆ ನಿನಗೇನು ದಾಡಿ?”

“ನಿನ್ನ ಕೈಗೆ ಯಾರು ಏನಂದ್ರು ಅಕ್ಕಾ? ಆ ಚೀಲದ ಮೇಲೆ ಏನು ಬರೆದಿದ್ದಾರೆ ಗೊತ್ತಾ?”

ಸೊಪ್ಪಿನಕ್ಕನಿಗೆ ಓದು ಬಾರದು. ಸಂಘದವರು ಕೊಟ್ಟ ಹಸಿರು ಚೀಲದಲ್ಲಿ ಹಾಕಿಯೇ ಕೊಡಬೇಕೆಂಬ ಕಟ್ಟಪ್ಪಣೆಯಷ್ಟೇ ಆಕೆಗೆ ಗೊತ್ತಿತ್ತು.

“‘ಬಡವರ ಬುಟ್ಟಿ’ ಅಂತ. ಮಗಳ ಅತ್ತೆ ಎದುರುಮನೇಲೇ ಇದ್ದಾಳೆ. ಅದನ್ನ ಹಿಡ್ಕೊಂಡು ಅವಳ ಕಣ್ಮುಂದೆ ಓಡಾಡ್ಲಾ? ಹಿಂದೆ ಡಂಗುರ ಹೊಡೆಯೋಕೂ ಒಬ್ಬನ್ನ ಕಳಿಸಿಬಿಡು.”

ಬಸುರಿ ಹುಡುಗಿ ಗೋಡೆ ಹಿಡಿದು ಬಂದು ದೊಡ್ಡಮ್ಮನಿಗೆ ನೀರು ಕೊಟ್ಟಳು. ಲೋಟ ಹಿಡಿದ ಉಗುರುಗಳು ಸುಣ್ಣದಂತೆ ಬಿಳುಚಿಕೊಂಡಿದ್ದವು.

ಮರುದಿನ ಆಕೆ ಚೀಲಗಳನ್ನೆಲ್ಲ ಒಳಮಗ್ಗುಲು ಹೊರಗೆ ಬರುವಂತೆ ತಿರುವಿಟ್ಟಳು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಸುದ್ದಿ ತಿಳಿದು ಸಂಘದ ಕಾರ್ಯದರ್ಶಿಯೂ ಬಂದರು.

“ಹೆಸರೇ ಕಾಣದಿದ್ರೆ ದಾನಿಗಳಿಗೆ ಏನು ತೋರಿಸೋದಮ್ಮಾ? ಮೊದಲಿನ ಹಾಗೆ ಮಾಡಿ, ಇಲ್ಲಾಂದ್ರೆ ಬೀಗದ ಕೈ ಕೊಡಿ.”

“ಹೆಸರು ನೋಡಿ ಬರೋರು ಯಾರೂ ಇಲ್ಲ ಸ್ವಾಮಿ, ಓಡಿಹೋಗೋರೇ ಎಲ್ಲ” ಎಂದು ಆಕೆ ಬೀಗದ ಕೈಯನ್ನು ತಕ್ಕಡಿಯ ತಟ್ಟೆಯಲ್ಲಿಟ್ಟಳು. ಅಂದಿನ ಕೂಲಿಯ ಬದಲು ಉಳಿದ ಸೊಪ್ಪನ್ನು ಕೇಳಿ ಪಡೆದು, ಮಡಿಲಲ್ಲಿ ಕಟ್ಟಿಕೊಂಡು ತಂಗಿಯ ಬಾಗಿಲಿಗೆ ಹೋದಳು. ಬಿಟ್ಟಿ ಕೊಟ್ಟರೆ ಅವಳು ಮುಟ್ಟಳು. ಅದಕ್ಕೇ ಹೊಸಿಲಾಚೆ ನಿಂತು, ಎದುರುಮನೆಗೂ ಕೇಳಿಸುವಂತೆ ಪೇಟೆಯ ಬೆಲೆಯನ್ನೇ ಹೇಳಿದಳು.

“ಇಷ್ಟೇ ಇಷ್ಟು ಕಟ್ಟಿಗೆ ಅಷ್ಟಾ? ಹಾಡಹಗಲೇ ದರೋಡೆ” ಎಂದು ತಂಗಿ ಅಷ್ಟೇ ಗಟ್ಟಿಯಾಗಿ ಚೌಕಾಸಿಗಿಳಿದಳು. ಕೊಸರಾಡಿ, ಬೆಲೆ ಅರ್ಧಕ್ಕಿಳಿಸಿ, ಸೊಪ್ಪನ್ನೆಲ್ಲ ಬಾಚಿಕೊಂಡಳು.

“ನಾಳೆ ಬೀಟ್‌ರೂಟ್ ತಾ. ಬಾಡಿದ್ದು ತಂದ್ರೆ ಮುಟ್ಟೋದಿಲ್ಲ, ಈಗ್ಲೇ ಹೇಳಿದ್ದೀನಿ.”

ನಾಳೆ ಎಲ್ಲಿಂದ ತರುವುದೋ ಅಕ್ಕನಿಗೆ ತೋಚಲಿಲ್ಲ. “ಆಯ್ತು” ಎಂದಳು.