ಪೊಡಿಯಬ್ಬನ ಚಿಕಾಗೋ ಪೆಟ್ಟಿಗೆ

ದೋಹಾದ ಅಲ್ ಮುಂತಜಾ ಬಡಾವಣೆಯ ಹಳೆಯ ಕಟ್ಟಡವೊಂದರ ಕೆಳಗೆ, ದರ್ಜಿಯ ಅಂಗಡಿಗೂ ಮಲಯಾಳಿಯ ಚಾ ಅಂಗಡಿಗೂ ನಡುವೆ ಪೊಡಿಯಬ್ಬನ ಮರಗೆಲಸದ ಅಂಗಡಿಯಿದೆ. ಕಾಲು ಮುರಿದ ಕುರ್ಚಿಗಳು, ಬಾಗಿಲು ಜೋತುಬಿದ್ದ ಕಪಾಟುಗಳು, ಯಾರೋ ಸ್ಥಳ ಬಿಟ್ಟು ಹೋಗುವಾಗ ಬೇಡವೆಂದು ಎಸೆದ ಮಂಚಗಳು. ಇವುಗಳ ಮಧ್ಯೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಕುಳಿತಿರುವ ಅರವತ್ತೊಂದು ವರ್ಷದ ಸಣಕಲು ಮನುಷ್ಯನೇ ಪೊಡಿಯಬ್ಬ.

ಹುಟ್ಟಿದ್ದು ಉಳ್ಳಾಲದಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಮಾವನೊಬ್ಬ ಅವನನ್ನು ಮೈಸೂರಿನ ಮಂಡಿ ಮೊಹಲ್ಲಾಕ್ಕೆ ಕರೆದೊಯ್ದು ಒಬ್ಬ ಉಸ್ತಾದರ ಬಳಿ ಬಿಟ್ಟ. ಬೀಟೆ ಮರದ ಹಲಗೆಯಲ್ಲಿ ಹೂವು, ಹಕ್ಕಿ, ಆನೆಗಳ ಆಕಾರಕ್ಕೆ ಗುಳಿ ಕೊರೆದು, ಅದರಲ್ಲಿ ಬೇರೆ ಬಣ್ಣದ ಮರದ ಮತ್ತು ಮೂಳೆಯ ತೆಳು ತುಂಡುಗಳನ್ನು ಕೂದಲೆಳೆಯೂ ಕಾಣದಂತೆ ಕೂರಿಸುವುದು ಆ ಮನೆಯ ಕಸುಬು. ಆರು ವರ್ಷ ಪೊಡಿಯಬ್ಬ ಅಲ್ಲಿ ಕಲಿತ. ಆಮೇಲೆ ಮನೆಯಲ್ಲಿ ಇಬ್ಬರು ತಂಗಿಯಂದಿರ ಮದುವೆ ಎದುರಾಯಿತು, ದೋಹಾದ ವೀಸಾ ಬಂತು. ಇಲ್ಲಿ ಬೀಟೆಯೂ ಇಲ್ಲ, ಆನೆಯೂ ಇಲ್ಲ. ಕಾಂಕ್ರೀಟಿಗೆ ಹಲಗೆ ಹೊಡೆಯುವ ಕೆಲಸದಲ್ಲಿ ಎಂಟು ವರ್ಷ, ನಂತರ ಬೇರೆಯವರ ಕುರ್ಚಿಗಳ ಕಾಲು ಸರಿಮಾಡುತ್ತ ಮೂವತ್ತೊಂದು ವರ್ಷ.

ಎರಡೂವರೆ ವರ್ಷದ ಹಿಂದೆ ದೋಹಾದಲ್ಲಿ ಹೂತೋಟಗಳ ವಿಶ್ವ ಪ್ರದರ್ಶನ ನಡೆಯಿತಲ್ಲ, ಅಲ್ಲಿ ಒಂದು ಮಂಟಪದ ನೆಲಕ್ಕೆ ಹಲಗೆ ಕೂರಿಸುವ ಕೆಲಸ ಅವನಿಗೆ ಸಿಕ್ಕಿತ್ತು. ಮುತುವರ್ಜಿಯಿಂದ ಮಾಡಿದ. ಆರು ತಿಂಗಳಲ್ಲಿ ಪ್ರದರ್ಶನ ಮುಗಿಯಿತು. ತಾನು ಕೂರಿಸಿದ ಹಲಗೆಗಳನ್ನು ತಾನೇ ಕಿತ್ತು ಲಾರಿಗೆ ತುಂಬಿದ. ಆ ದಿನ ಮನೆಗೆ ಬಂದವನು ಹೆಂಡತಿ ಆಯಿಷಮ್ಮನೊಡನೆ, ನಾನು ಮಾಡಿದ್ದು ಎಲ್ಲಿಯಾದರೂ ಒಂದಾದರೂ ಉಳಿದಿದೆಯೇ ಎಂದು ಕೇಳಿದ. ಮೀನು ಕೊಯ್ಯುತ್ತಿದ್ದ ಆಯಿಷಮ್ಮ ತಲೆಯೆತ್ತದೆ, ಉಂಟಲ್ಲ, ನಹ್ಲಾ ಎಂದಳು. ನಹ್ಲಾ ಅವರ ಒಬ್ಬಳೇ ಮಗಳು. ವೆಸ್ಟ್ ಬೇಯ ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುತ್ತಾಳೆ. ಪೊಡಿಯಬ್ಬ ನಕ್ಕ. ಆದರೆ ಕೊರಗು ಹೋಗಲಿಲ್ಲ.

ಸರ್ಫರಾಝ್ ಅಂಗಡಿಗೆ ಬಂದದ್ದು ಇದಾದ ವರ್ಷದ ಮೇಲೆ. ಮಂಗಳೂರಿನವನು, ನಲವತ್ತರ ಆಸುಪಾಸು, ಹಳೆಯ ಸಾಮಾನುಗಳ ವ್ಯಾಪಾರಿ. ಪೊಡಿಯಬ್ಬಾಕ ಎಂದು ಮರ್ಯಾದೆಯಿಂದ ಕರೆದು, ಒಂದು ಮಸುಕಾದ ಚಿತ್ರವನ್ನು ಮೇಜಿನ ಮೇಲಿಟ್ಟ. ಅದರಲ್ಲೊಂದು ಪೆಟ್ಟಿಗೆ. ಮುಚ್ಚಳದ ಮೇಲೆ ಬಳ್ಳಿ, ಬಳ್ಳಿಯ ತುಂಬ ಗಿಳಿಗಳು. ಸಾವಿರದ ಎಂಟುನೂರ ತೊಂಬತ್ತಮೂರರಲ್ಲಿ ಅಮೆರಿಕದ ಚಿಕಾಗೋದಲ್ಲಿ ನಡೆದ ವಿಶ್ವ ಮೇಳಕ್ಕೆ ಮೈಸೂರಿನಿಂದ ಹೋದದ್ದಂತೆ. ಅಸಲು ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಒಬ್ಬ ದೊಡ್ಡವರಿಗೆ ಇಂಥದ್ದೇ ಇನ್ನೊಂದು ಬೇಕಾಗಿದೆ ಎಂದ. ಹಳೆಯ ಮರವನ್ನೇ ಬಳಸಬೇಕು, ಹೊಸ ಸ್ಕ್ರೂ ಕಾಣಿಸಬಾರದು, ತಳದಲ್ಲಿ ಗುರುತು ಹಾಕಬಾರದು ಎಂದೂ ಹೇಳಿದ.

ಇಂಥ ಷರತ್ತು ಯಾಕೆ ಎಂದು ಪೊಡಿಯಬ್ಬ ಕೇಳಬೇಕಿತ್ತು. ಕೇಳಲಿಲ್ಲ. ಅವನ ಕಣ್ಣು ಗಿಳಿಗಳ ಮೇಲಿತ್ತು. ಬೆರಳುಗಳು ಆಗಲೇ ಗುಳಿಯ ಆಳ ಅಳೆಯುತ್ತಿದ್ದವು.

ಹನ್ನೊಂದು ವಾರ ಅವನು ಬೇರೆ ಮನುಷ್ಯನೇ ಆಗಿಬಿಟ್ಟ. ಹಳೆಯ ಬೀಟೆ ಮಂಚವೊಂದನ್ನು ಹುಡುಕಿ ತಂದ. ಆನೆಯ ದಂತ ಮುಟ್ಟುವ ಹಾಗಿಲ್ಲ. ಆದ್ದರಿಂದ ಒಂಟೆ ಮಾಂಸದ ಅಂಗಡಿಯಿಂದ ಕಾಲಿನ ಮೂಳೆ ತಂದು ತಾರಸಿಯ ಮೇಲೆ ಸೋಡಾಪುಡಿ ಹಾಕಿ ಬೇಯಿಸಿದ. ಆ ನಾತಕ್ಕೆ ಪಕ್ಕದ ಫ್ಲಾಟಿನ ಜೂಲಿಯೆಟ್ ಮೂಗು ಮುಚ್ಚಿಕೊಂಡು ಬಂದು, ಎಂತ ಆಯಿಷಮ್ಮ, ಸೂಪಾ ಎಂದು ಕೇಳಿ ಹೋದಳು. ಸಂಜೆ ನಹ್ಲಾ ಫೋನಿನಲ್ಲಿ ಚಿಕಾಗೋ ಮೇಳದ ಸಂಗತಿಗಳನ್ನು ಓದಿ ಹೇಳಬೇಕು, ಅಪ್ಪ ಕೇಳಬೇಕು. ಕೆರೆಯ ದಂಡೆಯಲ್ಲಿ ಎರಡೇ ವರ್ಷದಲ್ಲಿ ಎಬ್ಬಿಸಿದ ಬಿಳಿಯ ಊರು. ಎಲ್ಲ ಮರ ಮತ್ತು ಗಾರೆ. ಮನೆಗಿಂತ ದೊಡ್ಡ ಡಬ್ಬಿಗಳಲ್ಲಿ ಜನರನ್ನು ಕೂರಿಸಿ ಆಕಾಶಕ್ಕೆತ್ತಿದ ಚಕ್ರ. ಮೇಳ ಮುಗಿಯಲು ಎರಡು ದಿನವಿರುವಾಗ ಊರಿನ ಮೇಯರನನ್ನೇ ಅವನ ಮನೆಯಲ್ಲಿ ಗುಂಡಿಟ್ಟು ಕೊಂದದ್ದು. ಅದೇ ಕಾಲದಲ್ಲಿ ಅಲ್ಲೊಬ್ಬ ಸಜ್ಜನನಂತೆ ವೇಷ ತೊಟ್ಟು, ನಂಬಿ ಬಂದ ಹೆಣ್ಣುಮಕ್ಕಳನ್ನು ಕೊಲ್ಲುತ್ತಿದ್ದದ್ದು. ಆಯಿಷಮ್ಮ ಇದನ್ನು ಕೇಳಿ ಬೆಚ್ಚಿದಳು. ಅಷ್ಟು ಜನ ಸೇರಿದಲ್ಲಿ ಕಳ್ಳರೂ ಸೇರದೆ ಇರುತ್ತಾರಾ ಎಂದು ಪೊಡಿಯಬ್ಬ ತಾನೇ ಕಂಡವನಂತೆ ಹೇಳಿದ. ಆ ಬಡಗಿಗಳ ಗತಿ ಏನಾಯಿತು ಎನ್ನುವುದೊಂದೇ ಅವನ ಪ್ರಶ್ನೆ. ಕಟ್ಟಡಗಳು ಮರುವರ್ಷ ಸುಟ್ಟುಹೋದವು ಎಂದು ನಹ್ಲಾ ಓದಿದಾಗ ಅವನಿಗೆ ಸ್ವಂತ ಮನೆ ಸುಟ್ಟಷ್ಟು ಸಂಕಟವಾಯಿತು.

ಪೆಟ್ಟಿಗೆ ಮುಗಿದ ಮೇಲೆ ಎರಡು ದಿನ ಮನೆಯಲ್ಲಿಟ್ಟುಕೊಂಡ. ಆಯಿಷಮ್ಮ ಅದನ್ನು ಹೊಲಿಗೆ ಮೆಷಿನಿನ ಮೇಲಿಟ್ಟು, ಹತ್ತಿರ ಯಾರೂ ಚಾ ತರಬಾರದೆಂದು ಅಪ್ಪಣೆ ಮಾಡಿದಳು. ಮೂರನೆಯ ದಿನ ಸರ್ಫರಾಝ್ ಬಂದು ಕಂಬಳಿಯಲ್ಲಿ ಸುತ್ತಿ ಒಯ್ದ.

ಎರಡು ತಿಂಗಳು ಕಳೆದವು. ಪೊಡಿಯಬ್ಬನ ಹಳೆಯ ಗಿರಾಕಿ ವೆಂಕಟರಾಮು ಎಂಬವರು ದುಖಾನ್‌ನಲ್ಲಿ ಎಣ್ಣೆ ಕಂಪನಿಯ ಇಂಜಿನಿಯರು. ಮೈಸೂರಿನವರು. ಮಂಡಿ ಮೊಹಲ್ಲಾದ ಹೆಸರು ಹೇಳಿದರೆ ಸಾಕು, ಇಬ್ಬರಿಗೂ ಒಂದು ತಾಸು ಮಾತಿಗೆ ಬರವಿಲ್ಲ. ಒಂದು ಶುಕ್ರವಾರ ಅವರು ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬಂದು, ವೆಸ್ಟ್ ಬೇಯ ಹೋಟೆಲಿನಲ್ಲಿ ಹಳೆಯ ವಿಶ್ವ ಮೇಳಗಳ ವಸ್ತುಗಳನ್ನಿಟ್ಟಿದ್ದಾರಂತೆ, ನಮ್ಮ ಮೈಸೂರಿನದೂ ಒಂದಿದೆಯಂತೆ, ಹೊರಡಿ ಎಂದರು. ಜುಮಾ ನಮಾಜು ಮುಗಿಸಿ ಪೊಡಿಯಬ್ಬ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ.

ಗಾಜಿನ ಪೆಟ್ಟಿಗೆಯೊಳಗೆ, ಮೇಲಿಂದ ಬೀಳುವ ಹಳದಿ ಬೆಳಕಿನಲ್ಲಿ, ಅವನ ಗಿಳಿಗಳು ಕುಳಿತಿದ್ದವು. ಮೂರನೆಯ ಗಿಳಿಯ ಕೊಕ್ಕು ಕೂರಿಸುವಾಗ ಸೀಳು ಬಿಟ್ಟಿತ್ತು, ಅದನ್ನು ಮರದ ಹುಡಿ ಮತ್ತು ಅಂಟಿನಿಂದ ಮುಚ್ಚಿದ್ದ. ಆ ಗೆರೆಯೂ ಅಲ್ಲೇ ಇತ್ತು. ಪಕ್ಕದ ಚೀಟಿಯನ್ನು ವೆಂಕಟರಾಮು ಓದಿ ಹೇಳಿದರು: ಮೈಸೂರು, ಚಿಕಾಗೋ ಮೇಳ, 1893, ಕುಶಲಕರ್ಮಿ ಅಜ್ಞಾತ.

ಮೊದಲು ಪೊಡಿಯಬ್ಬನಿಗೆ ಆದದ್ದು ಭಯವಲ್ಲ, ಸಂತೋಷ. ಇದನ್ನು ಅವನು ಮುಂದೆ ಯಾರಿಂದಲೂ ಮುಚ್ಚಿಡಲಿಲ್ಲ. ಸೂಟು ತೊಟ್ಟವರು, ಉದ್ದನೆಯ ಬಿಳಿ ತೋಬು ತೊಟ್ಟವರು ಬಗ್ಗಿ ಬಗ್ಗಿ ನೋಡುತ್ತಿದ್ದರು. ವೆಂಕಟರಾಮು ಗಾಜಿಗೆ ಮೂಗು ತಾಗಿಸಿ ನಿಟ್ಟುಸಿರಿಟ್ಟರು.

"ಇಂಥ ಕೈ ಈಗೆಲ್ಲಿದೆ ಪೊಡಿಯಬ್ಬನೋರೆ? ಆ ಕಾಲದ ಜನಾನೇ ಬೇರೆ."

ಪೊಡಿಯಬ್ಬ ನಿಜ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇಬ್ಬರು ಹಿಡಿದುಕೊಂಡು ನಡೆಸುತ್ತಿದ್ದ ಒಬ್ಬ ಕತಾರಿ ಮುದುಕರು ಅಲ್ಲಿಗೆ ಬಂದರು, ಜೊತೆಗೆ ಸರ್ಫರಾಝ್. ಮುದುಕರ ಹೆಸರು ಅಬೂ ನಾಸರ್. ಅವರ ಮುತ್ತಜ್ಜ ಮುತ್ತಿನ ವ್ಯಾಪಾರಿ. ಅವರ ಮುತ್ತುಗಳು ಒಮ್ಮೆ ಅಮೆರಿಕದ ಮೇಳಕ್ಕೆ ಹೋಗಿದ್ದವೆಂದು ಮನೆಯಲ್ಲಿ ಒಂದು ಕಥೆ. ಮನೆಯವರೆಲ್ಲ ಅದನ್ನು ಅಜ್ಜಿಕಥೆಯೆಂದು ನಗುತ್ತಿದ್ದರೂ ಅಬೂ ನಾಸರ್ ಮಾತ್ರ ನಂಬಿದ್ದರು. ಈಗ ಸರ್ಫರಾಝ್ ಒಂದು ಹಳೆಯ ಪತ್ರ ತಂದುಕೊಟ್ಟಿದ್ದ. ಆ ಮುತ್ತುಗಳು ಬೊಂಬಾಯಿಯ ಮಾರ್ಗವಾಗಿ ಇದೇ ಪೆಟ್ಟಿಗೆಯಲ್ಲಿ ಹೋದವೆಂದು ಅದರಲ್ಲಿ ಬರೆದಿತ್ತು. ಅಬೂ ನಾಸರ್ ಪೆಟ್ಟಿಗೆಯನ್ನು ಕೊಂಡಾಗಿತ್ತು, ಪ್ರದರ್ಶನ ಮುಗಿದ ಮೇಲೆ ಅದು ಅವರ ಮನೆಗೆ ಹೋಗುವುದಿತ್ತು. ಇದನ್ನೆಲ್ಲ ಅವರೇ ಬೊಂಬಾಯಿ ಹಿಂದಿಯಲ್ಲಿ ಸುತ್ತ ನಿಂತವರಿಗೆ ಹೇಳಿದರು, ಹೇಳುತ್ತ ಗಾಜಿನ ಮೇಲೆ ಅಂಗೈ ಇಟ್ಟರು. ಕಣ್ಣಲ್ಲಿ ನೀರಿತ್ತು.

ಪೊಡಿಯಬ್ಬ ಒಂದು ಹೆಜ್ಜೆ ಹಿಂದೆ ಸರಿದ. ಸರ್ಫರಾಝ್ ಅವನನ್ನು ಕಂಡ. ಕಂಡೂ ಕಾಣದವನಂತೆ ಮುಖ ತಿರುಗಿಸಿದ.

ಮರುದಿನ ಸರ್ಫರಾಝ್ ತಾನಾಗಿಯೇ ಅಂಗಡಿಗೆ ಬಂದ. ಹೆದರಿಸಲಿಲ್ಲ, ಚಾ ತರಿಸಿ ಪ್ರೀತಿಯಿಂದಲೇ ಮಾತಾಡಿದ. ಮುದುಕರಿಗೆ ಖುಷಿ, ಪೆಟ್ಟಿಗೆಗೆ ಗಾಜಿನ ಮನೆ, ಯಾರಿಗೆ ಏನು ನಷ್ಟ ಎಂದು ಕೇಳಿದ. ಕೊನೆಗೆ ಎದ್ದು ನಿಂತು ದನಿ ತಗ್ಗಿಸಿದ.

"ಪೊಡಿಯಬ್ಬಾಕ, ನೀವು ಕುರ್ಚಿ ರಿಪೇರಿ ಮಾಡಿ ಸತ್ತರೆ ನಿಮ್ಮನ್ನು ನೆನಪಿಡುವವರು ಯಾರು? ಈ ಪೆಟ್ಟಿಗೆ ನೂರು ವರ್ಷ ಇರ್ತದೆ. ಬಾಯಿ ಬಿಟ್ಟರೆ ನನ್ನ ಜೊತೆ ನೀವೂ ಒಳಗೆ. ಖಲಾಸ್."

ಎರಡೂ ಮಾತು ನಿಜವೆಂದೇ ಪೊಡಿಯಬ್ಬನಿಗೆ ತೋರಿತು. ಅದೇ ಕಷ್ಟ. ಮೂರು ದಿನ ಉಳಿ ಹಿಡಿಯಲಿಲ್ಲ. ಪತ್ರದ ಸುಳ್ಳು ಅವನದಲ್ಲ, ಆದರೆ ಆ ಸುಳ್ಳು ಕೂರಲು ಗುಳಿ ಕೊರೆದು ಕೊಟ್ಟವನು ತಾನೇ ಎಂದು ಅವನಿಗೆ ಅನಿಸುತ್ತಿತ್ತು. ಗುರುತು ಹಾಕಬೇಡಿ ಎಂದಾಗಲೇ ತನಗೆ ಗೊತ್ತಾಗಿತ್ತು. ಗೊತ್ತಾಗದಂತೆ ಇದ್ದುಬಿಟ್ಟೆ, ಗಿಳಿ ಕೊರೆಯುವ ಆಸೆಗೆ. ಇದನ್ನು ಅವನು ಆಯಿಷಮ್ಮನೆದುರು ಒಪ್ಪಿಕೊಂಡ. ಜೈಲಾದರೆ, ಊರಿಗೆ ಕಳಿಸಿಬಿಟ್ಟರೆ ಎಂದು ಲೆಕ್ಕ ಹಾಕತೊಡಗಿದ. ಆಯಿಷಮ್ಮ ಎದುರಿನ ಅನ್ನದ ಬಟ್ಟಲನ್ನು ಅವನ ಕಡೆ ಸರಿಸಿದಳು.

"ಹೆದರಿಕೆ ನನಗೂ ಉಂಟು. ಆದ್ರೆ ಮೂರು ದಿನದಿಂದ ನೀವು ಉಣ್ಣುವಾಗಲೂ ಆ ಮುದುಕರ ಕೈಯ ಸುದ್ದಿಯೇ ಹೇಳ್ತಾ ಇದ್ದೀರಿ. ಹೋಗಿ ಹೇಳಿ ಬನ್ನಿ. ಮತ್ತೆ ಬಂದದ್ದನ್ನು ನೋಡುವ."

ಪೊಡಿಯಬ್ಬ ವೆಂಕಟರಾಮು ಅವರಿಗೆ ಫೋನು ಮಾಡಿದ. ವಿಷಯವನ್ನೆಲ್ಲ ಹೇಳಿದ. ಆ ಕಡೆಯಿಂದ ಬಂದದ್ದು ಒಂದೇ ಮಾತು: "ಆ ಕೈ ನಿಮ್ಮದಾ?" ಸಿಟ್ಟೋ ಬೆರಗೋ ತಿಳಿಯಲಿಲ್ಲ. ಆದರೆ ಮರುದಿನ ಅವರು ರಜೆ ಹಾಕಿ ಬಂದರು, ಹೋಟೆಲಿನಲ್ಲಿ ವಿಚಾರಿಸಿ ವಿಳಾಸ ಪಡೆದು, ಪೊಡಿಯಬ್ಬನನ್ನು ಅಬೂ ನಾಸರ್ ಅವರ ಮಜ್ಲಿಸಿಗೆ ಕರೆದೊಯ್ದರು.

ಅತಿಥಿಗಳು ಕೂರುವ ಆ ಉದ್ದನೆಯ ಕೋಣೆಯಲ್ಲಿ ಮುದುಕರು ಒಬ್ಬರೇ ಇದ್ದರು. ಖರ್ಜೂರ, ಗಾವಾ ಎನ್ನುವ ಅರಬ್ಬೀ ಕಾಫಿ ಬಂತು. ಪೊಡಿಯಬ್ಬ ಮುಟ್ಟಲಿಲ್ಲ. ಹೇಗೆ ಶುರುಮಾಡಬೇಕೆಂದು ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಹಾರಿಹೋಗಿ, ಕೊನೆಗೆ ನಾಲಿಗೆಗೆ ಬಂದದ್ದು ಕಸುಬಿನ ಮಾತು.

"ಸಾಹೇಬ್, ಗಿಳಿಯ ರೆಕ್ಕೆಯಲ್ಲಿರುವುದು ಆನೆಯ ದಂತ ಅಲ್ಲ. ಒಂಟೆಯ ಮೂಳೆ. ಇಲ್ಲಿಯದೇ. ನನ್ನ ತಾರಸಿಯ ಮೇಲೆ ಬೇಯಿಸಿದ್ದು. ಪೆಟ್ಟಿಗೆ ನಾನು ಮಾಡಿದ್ದು, ಈ ವರ್ಷ."

ಅಬೂ ನಾಸರ್ ಅವನ ಮುಖವನ್ನೇ ನೋಡಿದರು. ಫೋನಿನಲ್ಲಿ ನಹ್ಲಾ ತೆಗೆದಿದ್ದ ಚಿತ್ರಗಳನ್ನು ಪೊಡಿಯಬ್ಬ ತೋರಿಸಿದ: ಅರ್ಧ ಕೊರೆದ ಮುಚ್ಚಳ, ಹೊಲಿಗೆ ಮೆಷಿನಿನ ಮೇಲಿನ ಪೆಟ್ಟಿಗೆ. ಮುದುಕರು ಒಂದೊಂದನ್ನೂ ನೋಡಿ ಫೋನು ಹಿಂದಕ್ಕೆ ಕೊಟ್ಟರು.

"ಹಾಗಾದರೆ ನನ್ನ ಮುತ್ತಜ್ಜನ ಕಥೆಯೂ ಸುಳ್ಳೇ?"

"ಕಥೆ ನನಗೆ ಗೊತ್ತಿಲ್ಲ ಸಾಹೇಬ್. ಪೆಟ್ಟಿಗೆ ಮಾತ್ರ ಸುಳ್ಳು."

ಅಬೂ ನಾಸರ್ ಗಾವಾ ಕುಡಿ ಎಂದು ಕೈಯಲ್ಲಿ ತೋರಿಸಿ, ಎದ್ದು ಒಳಗೆ ಹೋದರು. ಆ ಗಾವಾದ ಕಹಿ ಮನೆ ಮುಟ್ಟುವವರೆಗೂ ನಾಲಿಗೆಯ ಮೇಲಿತ್ತು ಎಂದು ಪೊಡಿಯಬ್ಬ ಹೇಳುತ್ತಾನೆ.

ಅಬೂ ನಾಸರ್ ಅವರ ಕಡೆಯಿಂದ ದೂರು ದಾಖಲಾಯಿತು. ಪೆಟ್ಟಿಗೆಯನ್ನೂ ಪತ್ರವನ್ನೂ ಪೊಲೀಸರು ಒಯ್ದರು. ಸರ್ಫರಾಝ್ ಅದೇ ವಾರ ಸಿಕ್ಕಿಬಿದ್ದ; ಅದೇ ಕೈಚಳಕದಲ್ಲಿ ಮೊದಲೂ ಇಬ್ಬರಿಗೆ ಮೋಸ ಮಾಡಿದ್ದನೆಂದು ಆಮೇಲೆ ಗೊತ್ತಾಯಿತು. ಪೊಡಿಯಬ್ಬನೂ ಬಚಾವಾಗಲಿಲ್ಲ. ನಾಲ್ಕು ಸಲ ಠಾಣೆಗೆ ಕರೆದರು. ಕೇಸು ಮುಗಿಯುವವರೆಗೆ ದೇಶ ಬಿಡುವ ಹಾಗಿಲ್ಲ ಎಂದರು. ಐದು ತಿಂಗಳು. ಆ ನಡುವೆ ಉಳ್ಳಾಲದಲ್ಲಿ ಅವನ ಕಿರಿಯ ತಂಗಿಯ ಮಗಳ ನಿಕಾಹ್ ಆಯಿತು. ಆಯಿಷಮ್ಮ, ನಹ್ಲಾ ಹೋಗಿಬಂದರು. ಅವನು ವಿಡಿಯೋ ಕಾಲಿನಲ್ಲಿ ದುವಾ ಮಾಡಿ, ಫೋನು ಕೆಳಗಿಟ್ಟು ಅತ್ತ. ಕೊನೆಗೆ ತಾನಾಗಿ ಬಂದು ಹೇಳಿದವನೆಂದು ಅವನನ್ನು ಸಾಕ್ಷಿಯಾಗಿ ಮಾತ್ರ ಇಟ್ಟುಕೊಂಡರು. ಅಬೂ ನಾಸರ್ ಹಾಗೆಂದು ಬರೆದುಕೊಟ್ಟಿದ್ದರೆಂದು ವಕೀಲರ ಬಾಯಿಂದ ತಿಳಿಯಿತು. ಸರ್ಫರಾಝನಿಗೆ ಶಿಕ್ಷೆಯಾಯಿತು. ಅವನ ತಾಯಿ ಊರಲ್ಲಿ ಒಬ್ಬಳೇ ಇದ್ದಾಳೆಂದು ಕೇಳಿ ಪೊಡಿಯಬ್ಬನಿಗೆ ಶಿಕ್ಷೆಯ ಸುದ್ದಿಯಿಂದಲೂ ಸಮಾಧಾನ ಸಿಗಲಿಲ್ಲ.

ಪೆಟ್ಟಿಗೆ ಇನ್ನೂ ಪೊಲೀಸರ ಉಗ್ರಾಣದಲ್ಲಿದೆ. ಎಸಿ ಗಾಳಿಗೆ ಬೀಟೆ ಒಣಗುತ್ತದೆ, ಆರು ತಿಂಗಳಿಗೊಮ್ಮೆ ಎಣ್ಣೆ ಹಚ್ಚದಿದ್ದರೆ ಗಿಳಿಗಳು ಎದ್ದುಬರುತ್ತವೆ ಎಂದು ಅವನಿಗೆ ಚಿಂತೆ. ಒಮ್ಮೆ ಠಾಣೆಗೆ ಹೋಗಿ ಎಣ್ಣೆ ಹಚ್ಚಿ ಬರಲೇ ಎಂದು ಕೇಳಿದವನನ್ನು ಆಯಿಷಮ್ಮ ಬೈದು ಕೂರಿಸಿದಳು. ಉಳ್ಳಾಲದ ಬೇರೆ ಯಾರ ಕೆಲಸಕ್ಕೆ ಇಷ್ಟು ಪೊಲೀಸು ಕಾವಲುಂಟು, ಸುಮ್ಮನಿರಿ ಎಂದಳು.

ಈ ಚಳಿಗಾಲದ ಒಂದು ಬೆಳಿಗ್ಗೆ ಅಂಗಡಿಯೆದುರು ದೊಡ್ಡ ಗಾಡಿ ನಿಂತಿತು. ಇಬ್ಬರು ಕೆಲಸದವರು ಒಂದು ಮರದ ಸಂದೂಕವನ್ನು ಇಳಿಸಿದರು. ಹಿತ್ತಾಳೆಯ ಮೊಳೆಗಳು ಅರ್ಧ ಉದುರಿದ್ದವು, ತಳ ಗೆದ್ದಲು ತಿಂದಿತ್ತು. ಹಿಂದಿನಿಂದ ಅಬೂ ನಾಸರ್ ಇಳಿದರು. ಇದು ನಿಜವಾಗಿಯೂ ನಮ್ಮ ಮನೆಯದೇ, ಬೇಕಿದ್ದರೆ ಮೂಸಿ ನೋಡು ಎಂದರು. ಮುರಿದದ್ದನ್ನು ಮಾತ್ರ ಸರಿಮಾಡು, ಹೊಸತಾಗಿ ಕಾಣುವುದು ಬೇಡ ಎಂದು ಹೇಳಿ, ಹೋಗುತ್ತಾರೇನೋ ಎಂದುಕೊಂಡರೆ, ಅಲ್ಲೇ ಸ್ಟೂಲೆಳೆದು ಕುಳಿತರು. ಆಮೇಲೆ ದಿನಾ ಬರತೊಡಗಿದರು. ಪಕ್ಕದ ಅಂಗಡಿಯ ಹಾಲಿಲ್ಲದ ಸುಲೈಮಾನಿ ಚಾ ಅವರಿಗೆ ಹಿಡಿಸಿತು. ಬೊಂಬಾಯಿಯಲ್ಲಿ ಹುಡುಗನಾಗಿದ್ದಾಗ ತಿಂದ ತಿಂಡಿಗಳ ಹೆಸರನ್ನು ಅವರು ಒಂದೊಂದಾಗಿ ನೆನಪಿಸಿಕೊಳ್ಳುವರು, ಪೊಡಿಯಬ್ಬ ಮೊಳೆ ಹೊಡೆಯುತ್ತ ಹೂಂಗುಟ್ಟುವನು.

ಸಂದೂಕದಲ್ಲಿ ಒಂದು ಒಳಖಾನೆಯಿತ್ತು. ಅಬೂ ನಾಸರ್ ಅವರ ತಂದೆಯ ಕಾಲದಿಂದಲೇ ತೆರೆಯದಂತೆ ಕಚ್ಚಿಕೊಂಡಿತ್ತು. ಎಂಟನೆಯ ದಿನ ಪೊಡಿಯಬ್ಬ ತೆಳು ಉಳಿಯನ್ನು ಸಂದಿಗೆ ತೂರಿಸಿ, ಮೆಲ್ಲಗೆ ತಟ್ಟಿ ತಟ್ಟಿ ಅದನ್ನು ಬಿಡಿಸಿದ. ಒಳಗೆ ಹಿಂದಿನ ವ್ಯಾಪಾರಿಗಳು ಮುತ್ತು ಕಟ್ಟಿಡುತ್ತಿದ್ದಂಥ ಕೆಂಪು ಬಟ್ಟೆಯ ಒಂದು ತುಂಡು. ಬಿಚ್ಚಿದರೆ ಏನೂ ಇಲ್ಲ. ಅಬೂ ನಾಸರ್ ಅದನ್ನು ಅಂಗೈಯಲ್ಲಿ ಹರಡಿ ನೋಡಿದರು, ಮೂಗಿಗೆ ಹಿಡಿದರು. ಮತ್ತೆ ನಾಲ್ಕಾಗಿ ಮಡಚಿ ಕಿಸೆಗಿಟ್ಟುಕೊಂಡು, ಇನ್ನೆರಡು ಚಾ ಹೇಳು ಎಂದರು.