ಅಗಸಿ ಲೋಳೆ ಹಚ್ಚಿದ ಕೂದಲು

ನನ್ನ ಕೂದಲು ಹುಟ್ಟಿನಿಂದಲೇ ಗುಂಗುರು. ತಿಕೋಟಾದ ನಮ್ಮ ಓಣಿಯಲ್ಲಿ ಅದೇನೋ ರೋಗವೆಂಬಂತೆ ಸಿಕ್ಕವರೆಲ್ಲ ಔಷಧ ಹೇಳುತ್ತಿದ್ದರು. ಯುದ್ಧದ ಕಾಲ, ಊರೆಲ್ಲ ಸೀಮೆಎಣ್ಣೆಗೆ ಪರದಾಡುತ್ತಿದ್ದರೆ ನಮ್ಮ ಮನೆಯಲ್ಲಿ ನನ್ನ ತಲೆಯದೇ ಚಿಂತೆ. ಬಬಲೇಶ್ವರದಿಂದ ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಶಾಲೆಯ ಮಾಸ್ತರ. ಮದುವೆಯಾದ ಮೇಲೂ ಹೆಂಡತಿಯನ್ನು ಓದಿಸುತ್ತೇನೆ ಎಂದಿದ್ದನಂತೆ. ಆ ಒಂದು ಮಾತಿಗೆ ನಾನು ಮರುಳಾಗಿದ್ದೆ. ಹೇಗಾದರೂ ಈ ಸಂಬಂಧ ಕೂಡಿಬರಲಿ ಎಂದು ಒಳಗೊಳಗೇ ಹಂಬಲಿಸುತ್ತಿದ್ದೆ.

ವಿಜಾಪುರದ ಸ್ಟೇಷನ್ ರಸ್ತೆಯಿಂದ ಸೋದರತ್ತೆ ಬಂದಳು, ಕೆಂಡದ ಇಸ್ತ್ರಿ ಪೆಟ್ಟಿಗೆಯ ಸಮೇತ. ಪೇಟೆಯವಳಾದ್ದರಿಂದ ಅವಳಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ಕೌದಿ ಮಡಿಸಿ ಅದರ ಮೇಲೆ ನನ್ನ ಕೂದಲು ಹರಡಿದಳು.

“ಧೋತರದ ಸುಕ್ಕ ಹೋಗತಾವ, ಇದರ ಸುಕ್ಕ ಯಾಕ ಹೋಗೂದಿಲ್ಲ?”

ಹೋಯಿತು. ಸುಕ್ಕಿನ ಜೊತೆ ಒಂದು ಹಿಡಿ ಕೂದಲೂ ಹೋಯಿತು. ಸುಟ್ಟ ವಾಸನೆಗೆ ಅವ್ವ ಅಡುಗೆಮನೆಯಿಂದ ಓಡಿಬಂದು ಪೆಟ್ಟಿಗೆ ಕಸಿದುಕೊಂಡಳು.

“ಇನ್ನ ಈ ತಲಿಗೆ ಯಾರೂ ಕೈ ಹಚ್ಚಬ್ಯಾಡ್ರಿ!”

ಅವ್ವನದು ಬೇರೆ ದಾರಿ. ನಮ್ಮ ಹೊಲದ ಅಗಸಿ ಬೀಜವನ್ನು ನೀರಿನಲ್ಲಿ ಕುದಿಸಿ, ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿದಳು. ಲೋಳೆ ಆರುವತನಕ ಕಾದಳು. ಎರೆದ ತಲೆ ಹಸಿ ಇದ್ದಾಗಲೇ ದೊಡ್ಡ ಹಲ್ಲಿನ ಹಣಿಗೆಯಿಂದ ಬಿಡಿಸಿ, ಲೋಳೆ ಹಚ್ಚಿ, ಎಳೆ ಎಳೆಯಾಗಿ ಬೆರಳಿಗೆ ಸುತ್ತಿ ಬಿಟ್ಟಳು. ನೆರಳಿನಲ್ಲಿ ಒಣಗಿದ ಮೇಲೆ ಕನ್ನಡಿ ನೋಡಿಕೊಂಡೆ. ಹೊಳೆಯುವ ಸುರುಳಿಗಳು ಹೆಗಲ ಮೇಲಿದ್ದವು. ಇಷ್ಟು ಚೆಂದ ಇದ್ದೇನೆಂದು ನನಗೇ ಗೊತ್ತಿರಲಿಲ್ಲ. ಆಮೇಲೆ ಅವ್ವ ಸಡಿಲವಾಗಿ ಹೆರಳು ಹೆಣೆದಳು.

ಬಂದವರು ಹೆಸರು ಕೇಳಿದರು, ನಡೆಸಿ ನೋಡಿದರು. ಇನ್ನು ಉಳಿದದ್ದು ಹೆರಳಿನ ಪರೀಕ್ಷೆ. ಹೆಣ್ಣಿನ ಕಡೆಯವರು ಚೌರಿ ಸೇರಿಸಿ ಉದ್ದ ತೋರಿಸುತ್ತಾರೆಂಬ ಗುಮಾನಿ ಆ ಕಾಲದ ಬೀಗರಿಗೆಲ್ಲ ಇತ್ತು. ಹುಡುಗನ ದೊಡ್ಡವ್ವ ಹೆರಳು ಬಿಚ್ಚಿ ಒಂದು ಸುರುಳಿ ಹಿಡಿದೆಳೆದಳು, ಸೊಂಟದ ತನಕ ಬಂತು. ಬಿಟ್ಟಳು, ಹೆಗಲಿಗೆ ಹೋಯಿತು. ಮತ್ತೆ ಎಳೆದಳು. ಎಳೆದಾಗಿನ ಉದ್ದ ಖರೆಯೋ, ಬಿಟ್ಟಾಗಿನದು ಖರೆಯೋ ಎಂದು ಹಿರಿಯರಲ್ಲಿ ಗಂಭೀರ ಚರ್ಚೆ ನಡೆಯಿತು. ನನ್ನ ಕಣ್ಣಲ್ಲಿ ನೀರು. ನನ್ನನ್ನು ಓದಿಸಬೇಕಾದ ಮಾಸ್ತರ ತಲೆ ತಗ್ಗಿಸಿ ಅವಲಕ್ಕಿ ತಿನ್ನುತ್ತಿದ್ದ.

ಕೊನೆಗೆ ದೊಡ್ಡವ್ವ ತೀರ್ಪು ಕೊಟ್ಟಳು. “ಹುಡುಗಿ ಶ್ಯಾಣ್ಯಾ ಅದಾಳ್ರಿ. ಆದರ ಗುಂಗುರು ಕೂದಲದವರು ಭಾಳ ಹಟಮಾರಿ ಇರ್ತಾರ. ನಮ್ಮ ಮನಿಗೆ ಹೊಂದೂದಿಲ್ಲ.”

ಮಾಸ್ತರ ತಾಟಿನಲ್ಲಿ ಉಳಿದ ಅವಲಕ್ಕಿ ಬಳಿದು ತಿಂದ. ನನ್ನ ಓದು ಅಲ್ಲಿಗೇ ಮುಗಿಯಿತು ಎಂದುಕೊಂಡು ಹಿತ್ತಲಿಗೆ ಹೋಗಿ ಅವ್ವನ ಪಕ್ಕ ನಿಂತೆ. ಕೈ ತೊಳೆಯುವ ನೆಪ ಮಾಡಿಕೊಂಡು ಮಾಸ್ತರನ ತಾಯಿ ನಮ್ಮ ಹಿಂದೆಯೇ ಬಂದಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

“ಅಕ್ಕಾರ, ಕೂದಲಕ್ಕ ಏನ ಹಚ್ಚೀರಿ? ನನ್ನ ಮಗಳದೂ ಇಂಥಾವ ಅದಾವ. ಜೈನಾಪುರದವರು ನೋಡಾಕ ಬರ್ತಾರ.”

ಅವ್ವ ಸಿಟ್ಟಿನಿಂದ ಮುಖ ತಿರುಗಿಸಿದಳು. ನನಗೂ ಮೈಯೆಲ್ಲ ಉರಿಯುತ್ತಿತ್ತು. ಆದರೆ ಆ ಹುಡುಗಿ ನನಗೇನು ಮಾಡಿದ್ದಳು? ಕುದಿಸುವುದರಿಂದ ಒಣಗಿಸುವವರೆಗೆ ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ. ಅವಳು ಹೊರಟಾಗ ಸೆರಗು ಹಿಡಿದು ನಿಲ್ಲಿಸಿದೆ.

“ಬಂದವರ ಮುಂದ ಆಕಿ ಹೆರಳ ಬಿಚ್ಚಾಕ ಬಿಡಬ್ಯಾಡ್ರಿ. ಎಳದರ ಭಾಳ ನೋಯ್ತೈತಿ.”