ಸೋಮವಾರದ ಪಂಚರ್

ಬಚ್ಚಲುಮನೆ ನಲ್ಲಿಯ ಬಾಯಿಗೆ ಪೈಪು ನಿಲ್ಲುತ್ತಿರಲಿಲ್ಲ. ಬಿಗಿದು ಕಟ್ಟೋಣವೆಂದು ಈ ಬೆಳಿಗ್ಗೆ ಅಟ್ಟದಿಂದ ಬೈಕಿನ ಹಳೇ ಟ್ಯೂಬು ಇಳಿಸಿ ಒಂದು ಪಟ್ಟಿ ಕತ್ತರಿಸಿದೆ. ಆ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ, ಪೂಜೆಗೆ ಹೊತ್ತಾಯಿತೆಂಬುದನ್ನೂ ಮರೆತು ಅಲ್ಲೇ ಕೂತುಬಿಟ್ಟೆ. ನಿಮ್ಮ ಮನೆಯಲ್ಲೂ ಇಂಥದೊಂದು ಇರುತ್ತದೆ ಬಿಡಿ. ಹೆಂಗಸರು ನಾವು ಏನನ್ನು ತಾನೇ ಎಸೆದೇವು?

ನಮ್ಮನೆಯವರಿಗೆ ನರಸೀಪುರದ ಗೊಬ್ಬರದಂಗಡಿಯಲ್ಲಿ ಕೆಲಸ. ನಂಜನಗೂಡಿನಿಂದ ದಿನಾ ಬೈಕಿನಲ್ಲೇ ಓಡಾಟ. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಬಾಗಿಲಿಗೆ ಬರುವ ಮನುಷ್ಯ. ಹೋದ ವರ್ಷ ಆ ಹೊತ್ತು ತಪ್ಪತೊಡಗಿತು. ಕೇಳಿದರೆ, "ಬಿಳಿಗೆರೆ ಹತ್ರ ಪಂಚರ್ ಆಯ್ತು ಕಣೆ" ಅನ್ನುವರು, ಕಾಲು ತೊಳೆಯಲು ಹೋಗಿಬಿಡುವರು.

ಅನುಮಾನ ನನಗೆ ತವರಿನ ಬಳುವಳಿ. ನಮ್ಮವ್ವ ಹಾಲಿಗೆ ಬೆರಳದ್ದಿ ನೋಡುವ ತನಕ ಹಾಲಿನವಳ ಕ್ಷೇಮವನ್ನೂ ವಿಚಾರಿಸುತ್ತಿರಲಿಲ್ಲ. ಹಾಗಾಗಿ ಮೊದಲು ನನ್ನ ಕಣ್ಣು ಬಿದ್ದದ್ದು ಪಂಚರ್ ಅಂಗಡಿಗಳವರ ಮೇಲೆ. ಅವರೇ ರಸ್ತೆಗೆ ಮೊಳೆ ಚೆಲ್ಲುತ್ತಾರಂತೆ, ಕೇಳಿರುತ್ತೀರಿ. ಯಜಮಾನರನ್ನು ಬೈಕಿನ ಸಮೇತ ಹೊರಡಿಸಿಕೊಂಡು ನಮ್ಮ ಬೀದಿ ತುದಿಯ ಮಾದೇವನ ಅಂಗಡಿಗೆ ನಾನೇ ಹೋದೆ. ಅವನು ಟ್ಯೂಬು ಬಿಚ್ಚಿ, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿದ.

"ಅಕ್ಕಾ, ಮೊಳೆ ಚುಚ್ಚಿದ ತೂತಾದ್ರೆ ತೇಪೆ ಆಕ್ಬೋದು. ಇದು ನೋಡಿ, ತೇಪೆ ಮ್ಯಾಲೆ ತೇಪೆ. ಗಾಳಿ ಒಡಿಯೋ ವಾಲ್ ಬುಡನೂ ಬಿಟ್ಕಂಡದೆ, ಅಲ್ಲಿ ತೇಪೆ ನಿಲ್ಲಾಕಿಲ್ಲ. ದಾರೀಲಿ ಒಂದೇ ಸಲ ಗಾಳಿ ಓಯ್ತದೆ. ಒಸಾದು ಆಕ್ಸಿ."

"ಹೊಸದು ಮಾರೋಕೆ ಹೇಳ್ತಿದೀಯೇನಪ್ಪ?"

"ಬುಡದಲ್ಲಿ ಗುಳ್ಳೆ ಏಳ್ತಾವಲ್ಲ, ಅವುನ್ನ ಕೇಳಿ."

ಬಗ್ಗಿ ನೋಡಿದೆ. ಗುಳ್ಳೆ ಸುಳ್ಳು ಹೇಳುತ್ತಿರಲಿಲ್ಲ. ಎರಡು ಚಕ್ರಕ್ಕೂ ಹೊಸ ಟ್ಯೂಬು ಹಾಕಿಸಿ, ಹಳೆಯವನ್ನು ಬೇರೆ ಯಾರ ಬೈಕಿಗಾದರೂ ತುರುಕಿಯಾನೆಂದು ಮನೆಗೇ ಹೊತ್ತು ತಂದೆ.

ಮುಂದಿನ ಸೋಮವಾರ ಮತ್ತೆ ಪಂಚರ್. ಅದರ ಮುಂದಿನ ಸೋಮವಾರವೂ.

ಆಗ ಅನುಮಾನ ತಿರುಗಿ ಮನೆಯೊಳಗೇ ಬಂತು. ಮೊಳೆಗೂ ವಾರ ಗೊತ್ತಿರುತ್ತದೆಯೇ? ಒಗೆಯುವಾಗ ಅಂಗಿ ಮೂಸಿದೆ. ಬೆವರು ಬಿಟ್ಟರೆ ಬೇರೆ ವಾಸನೆಯಿಲ್ಲ, ಆದರೆ ಬೆವರು ಹಿಂಡುವಷ್ಟಿತ್ತು. ಇಸ್ಪೀಟೇ? ಇನ್ಯಾರದಾದರೂ ಮನೆಯ ಕಾಫಿಯೇ? ಬಾಯಲ್ಲಿ ಶಿವನಾಮ, ಮನಸ್ಸು ಬಿಳಿಗೆರೆ ರಸ್ತೆಯಲ್ಲಿ. ಇಂಥ ಪೂಜೆಯನ್ನು ಆ ನಂಜುಂಡ ಅದು ಹೇಗೆ ಸಹಿಸಿದನೋ.

ಮಾರನೆಯ ಬೆಳಿಗ್ಗೆ ಅವರು ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಮಾದೇವನನ್ನು ಮನೆಗೇ ಕರೆಸಿದೆ. ಎರಡೂ ಟ್ಯೂಬು ಅಂಗಳಕ್ಕೆ ಬಂದವು.

"ತೇಪೆ ಎಲ್ಲದೆ ಅಕ್ಕಾ? ನಾ ಆಕ್ದಂಗೇ ಅದೆ. ಒಸಾ ಟ್ಯೂಬಿನ ಪೌಡ್ರೂ ಓಗಿಲ್ಲ."

ಅಷ್ಟರಲ್ಲಿ ಇವರು ಬಂದೇಬಿಟ್ಟರು. "ಇದ್ಯಾಕೆ ಬಿಚ್ಚಿದೀರಿ?"

"ನಿಮ್ಮ ಪಂಚರ್ ಹುಡುಕ್ತಿದೀವಿ ಕಣ್ರೀ" ಅಂದೆ.

"ಆಮ್ಯಾಕೆ ಬತ್ತೀನಕ್ಕ" ಎಂದು ಮಾದೇವ ಚಕ್ರಗಳನ್ನು ಹಾಗೇ ಬಿಟ್ಟು ಮಾಯವಾದ.

ಇವರು ಜಗುಲಿಯ ಮೇಲೆ ಕೂತರು. ಬಿಚ್ಚಿಟ್ಟ ಟ್ಯೂಬನ್ನು ಕೈಗೆತ್ತಿಕೊಂಡು ತಿರುವಿ ನೋಡಿದರು. ಆಮೇಲೆ, "ಸೋಮವಾರ ಸಂಜೆ ಬರ್ತಾ ಕೈ ನಡುಗ್ತದೆ ಕಣೆ. ಮೈಯೆಲ್ಲಾ ಬೆವರು, ಕಣ್ಣಿಗೆ ಮಂಜು. ಮರದ ಕೆಳಗೆ ಕೂತು, ಒಂದು ಬಾಳೆಹಣ್ಣು ತಿಂದು, ಸರಿಹೋದ್ಮೇಲೆ ಬರ್ತೀನಿ."

"ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಗಾಡಿ ಕೀ ಕಿತ್ಕೋತಿದ್ದೆ. ಉಪವಾಸ ಮುರಿದ್ರಿ ಅಂತ ಅಳ್ತಿದ್ದೆ ಬೇರೆ."

ಸೋಮವಾರದ ಉಪವಾಸ ನಾವಿಬ್ಬರೂ ಮದುವೆಯಾದಾಗಿನಿಂದ ಹಿಡಿದದ್ದು. ಸಕ್ಕರೆ ಕಾಯಿಲೆಯ ಮಾತ್ರೆ ಹೋದ ವರ್ಷ ಶುರುವಾದದ್ದು. ಪ್ರತಿ ಬೆಳಿಗ್ಗೆ, ಸೋಮವಾರವೂ ತಪ್ಪದೆ, ಅದನ್ನು ಅವರ ಅಂಗೈಗೆ ಇಡುತ್ತಿದ್ದವಳು ನಾನು. ಖಾಲಿ ಹೊಟ್ಟೆಗೆ ಮಾತ್ರೆ, ಅದರ ಮೇಲೆ ಅಷ್ಟು ದೂರದ ದಾರಿ. ಡಾಕ್ಟರು ಕೇಳಿ ಹಣೆ ಚಚ್ಚಿಕೊಂಡರು: "ಮೈಯ ಸಕ್ಕರೆ ಅಷ್ಟು ಇಳಿದೂ ಇಷ್ಟು ದಿನ ಮನೆ ಸೇರಿದ್ದೇ ನಿಮ್ಮ ಪುಣ್ಯ ಕಣಮ್ಮ."

ಆವತ್ತಿನಿಂದ ಸೋಮವಾರವೂ ಇವರ ಗಾಡಿಗೆ ಊಟದ ಡಬ್ಬಿ ತೂಗುತ್ತದೆ. ಉಪವಾಸ ನನ್ನೊಬ್ಬಳದು. ಅರ್ಧ ವ್ರತವೆಂದು ನಂಜುಂಡ ಈವರೆಗೆ ತಕರಾರು ಎತ್ತಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಗಿತ್ತು. ಇವತ್ತೂ ಸೋಮವಾರವೇ. ಫೋನು ಬಂತು. "ಪಂಚರ್ ಆಯ್ತು ಕಣೆ."

"ಊಟ ಮಾಡಿದ್ರಾ? ನಿಜ ಹೇಳಿ."

"ಮಾಡ್ದೆ ಕಣಮ್ಮ ತಾಯಿ. ನೀನು ನಂಬಲ್ಲ, ತಗೋ, ಇವನನ್ನೇ ಕೇಳು."

ಗುರುತಿಲ್ಲದ ದನಿಯೊಂದು ಕೂಗಿತು: "ಅಕ್ಕೋ, ಮೊಳೆ ಸಿಕ್ತು ಕಣಕ್ಕ, ಬೆರಳುದ್ದ! ತೇಪೆ ಆಕ್ತಾ ಇವ್ನಿ."

ಇವನಿಗೂ ಹೇಳಿಕೊಟ್ಟಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು, ಸುಳ್ಳೇಕೆ. ಅಷ್ಟರಲ್ಲಿ ಹಿಂದಿನಿಂದ ಗಾಳಿ ಹೊಡೆಯುವ ಮಿಷನ್ನು ಗರಗರ ಎಂದಿತು. ಅದರ ಮೇಲೆ ನಮ್ಮನೆಯವರ ನಗು.

ಎದ್ದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಗಂಡನ ಟೈರಿಗೆ ಮೊಳೆ ಚುಚ್ಚಿತೆಂದು ದೀಪ ಹಚ್ಚಿದವಳು ಈ ನಂಜನಗೂಡಿನಲ್ಲಿ ನಾನೊಬ್ಬಳೇ ಇರಬೇಕು.